ತುಂಬಿದ ಜಲಾಶಯದಲ್ಲಿ ಬಿಡುವಿನ ನೀರೆಷ್ಟು?



ಶಿಕಾರಿಪುರ ತಾಲ್ಲೂಕಿನ ತಾಳಗುಂದಕ್ಕೆ ನೀವು ಹೋಗಿದ್ದರೆ ಪ್ರಣವೇಶ್ವರ ದೇವಾಲಯದ ಎದುರಿನ ಕಲ್ಲುಕಂಬವನ್ನು ನೋಡಿರುತ್ತೀರಿ. ಕದಂಬರ ಚರಿತ್ರೆಗೆ ಅದೇ ಮುಖ್ಯ ಆಧಾರವೆಂದು ಪಠ್ಯಪುಸ್ತಕದಲ್ಲಿ ಓದಿಯೂ ಇರುತ್ತೀರಿ. ಮಯೂರಶರ್ಮನು ಕಂಚಿಗೆ ಹೋದ ಪ್ರಸಂಗ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಆದರೆ ಐದನೆಯ ಶತಮಾನದ ಆ ಶಾಸನ ಹುಟ್ಟಿದ್ದು ಒಂದು ಕೆರೆಯ ಕಾರಣದಿಂದ ಎಂಬುದು ಅಷ್ಟಾಗಿ ಗಮನಕ್ಕೆ ಬರುವುದಿಲ್ಲ. ದೇವಾಲಯದ ಬಳಿ ಕಾಕುಸ್ಥವರ್ಮನು ಕೆರೆ ಕಟ್ಟಿಸಿದ್ದನ್ನು ದಾಖಲಿಸಲು, ಅವನ ಮಗ ಶಾಂತಿವರ್ಮನ ಕಾಲದಲ್ಲಿ, ಕವಿ ಕುಬ್ಜನು ಅದನ್ನು ರಚಿಸಿದ. ನೀರನ್ನು ನಿಲ್ಲಿಸುವ ಕೆಲಸ ಈ ಸೀಮೆಗೆ ಅಷ್ಟು ಹಳೆಯದು.

ಕಾಕುಸ್ಥವರ್ಮನ ಮುಂದಿದ್ದ ಪ್ರಶ್ನೆ ಸರಳ: ಮಳೆಯ ನೀರನ್ನು ಎಲ್ಲಿ ತಡೆದರೆ ನಿಲ್ಲುತ್ತದೆ? ಇಂದು ನಮ್ಮ ಮುಂದಿರುವ ಪ್ರಶ್ನೆ ಅದಕ್ಕಿಂತ ಕಠಿಣ. ಆಗಲೇ ನಿಂತಿರುವ ನೀರನ್ನು ದೂರದ ನಗರವೊಂದು ಕೇಳಿದರೆ, ಕೊಡಬಹುದೇ ಇಲ್ಲವೇ ಎಂದು ತೂಗಿ ನೋಡುವುದು ಹೇಗೆ? ಪರದೆಯ ಮೇಲೆ ಇಂಥ ಲೆಕ್ಕಗಳು ಸರಸರನೆ ಸರಿದುಹೋಗುತ್ತವೆ. ಪುಟದ ಮೇಲಾದರೆ ಪೆನ್ಸಿಲ್ ಹಿಡಿದು ಕುಳಿತುಕೊಳ್ಳಬಹುದು. ದಯವಿಟ್ಟು ಹಿಡಿದುಕೊಳ್ಳಿ; ಹತ್ತನೆಯ ತರಗತಿಯ ಗಣಿತಕ್ಕಿಂತ ಹೆಚ್ಚಿನದು ಇಲ್ಲಿ ಬೇಕಾಗುವುದಿಲ್ಲ.

ಮೊದಲು ಹತ್ತಿರದ ಉದಾಹರಣೆ. ಶಿಕಾರಿಪುರದ ಬಳಿ ಕುಮುದ್ವತಿ ನದಿಗೆ ಕಟ್ಟಿದ ಅಂಜನಾಪುರ ಜಲಾಶಯ ಮೈಸೂರು ಸಂಸ್ಥಾನದ ಕಾಲದ್ದು. ಗದ್ದೆಗೂ ಅದೇ ನೀರು, ಪಟ್ಟಣದ ನಲ್ಲಿಗೂ ಅದೇ ನೀರು. 40 ಸಾವಿರ ಜನರಿರುವ ಒಂದು ಪಟ್ಟಣವನ್ನು ಕಲ್ಪಿಸಿಕೊಳ್ಳಿ. ತಲೆಗೆ ದಿನಕ್ಕೆ 135 ಲೀಟರ್ ಎಂಬುದು ನಮ್ಮಲ್ಲಿ ನಗರ ನೀರು ಪೂರೈಕೆಗೆ ಬಳಸುವ ಅಳತೆ. ಗುಣಿಸಿದರೆ ದಿನಕ್ಕೆ 54 ಲಕ್ಷ ಲೀಟರ್. ವರ್ಷಕ್ಕೆ ಎಷ್ಟಾಯಿತು? ಇಲ್ಲಿ ಟಿ.ಎಂ.ಸಿ. ಎಂಬ ಅಳತೆ ಬೇಕು. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಂದರೆ ಸುಮಾರು 2.83 ಕೋಟಿ ಘನ ಮೀಟರ್. ನಮ್ಮ ಪಟ್ಟಣದ ಇಡೀ ವರ್ಷದ ಅಗತ್ಯ ಒಂದು ಟಿ.ಎಂ.ಸಿ.ಯ ಹದಿನಾಲ್ಕನೆಯ ಒಂದು ಪಾಲು ಮಾತ್ರ!

ಹಾಗಿದ್ದರೆ ಜಲಾಶಯದ ಮಗ್ಗುಲಲ್ಲಿರುವ ಊರಿಗೂ ಬೇಸಿಗೆಯಲ್ಲಿ ನೀರಿನ ಆತಂಕ ಏಕೆ ಬರುತ್ತದೆ? ಭತ್ತ ಮತ್ತು ಅಡಿಕೆಗೆ ಬೇಕಾಗುವ ನೀರು ಕುಡಿಯುವ ನೀರಿನ ಹತ್ತಾರು ಪಟ್ಟು. ಬೇಸಿಗೆ ಬೆಳೆಗೆಂದು ತೂಬು ತೆರೆದರೆ ಮಾರ್ಚಿ ಏಪ್ರಿಲಿನ ಹೊತ್ತಿಗೆ ತಳ ಕಾಣುತ್ತದೆ. ಅದರ ಮೇಲೆ ಬಿಸಿಲು. ನಮ್ಮ ಕಡೆಯ ತೆರೆದ ನೀರಿನ ಮೈಯಿಂದ ವರ್ಷಕ್ಕೆ ಸುಮಾರು ಒಂದೂವರೆ ಮೀಟರಿನಷ್ಟು ನೀರು ಆವಿಯಾಗುತ್ತದೆ. ಆಳ ಕಡಿಮೆಯಿದ್ದು ಹರವು ಹೆಚ್ಚಿದ್ದರೆ ಈ ನಷ್ಟ ದೊಡ್ಡದು. ತಳದ ಹೂಳು ಬೇರೆ. ಆದ್ದರಿಂದ ‘ಜಲಾಶಯದ ಸಾಮರ್ಥ್ಯ ಇಷ್ಟು’ ಎಂಬ ಅಂಕಿಯನ್ನು ಕಂಡೊಡನೆ ಅಷ್ಟೂ ನೀರು ನಮ್ಮದೆಂದು ತಿಳಿಯಬಾರದು. ಅದು ಪಾತ್ರೆಯ ಗಾತ್ರ ಮಾತ್ರ. ಪಾತ್ರೆಗೆ ಪ್ರತಿವರ್ಷ ಎಷ್ಟು ಬೀಳುತ್ತದೆ ಎಂಬುದು ಬೇರೆಯೇ ಲೆಕ್ಕ.

ಆ ಲೆಕ್ಕವನ್ನು ಎಂಜಿನಿಯರುಗಳು ಹೀಗೆ ಮಾಡುತ್ತಾರೆ. ಒಂದು ಕಾಲ್ಪನಿಕ ಜಲಾಶಯಕ್ಕೆ ಹತ್ತು ವರ್ಷಗಳಲ್ಲಿ ಬಂದ ಒಳಹರಿವನ್ನು ದೊಡ್ಡದರಿಂದ ಚಿಕ್ಕದಕ್ಕೆ ಬರೆಯಿರಿ: 9, 8, 8, 7, 7, 6, 6, 5, 4, 3 ಟಿ.ಎಂ.ಸಿ. ಸರಾಸರಿ 6.3. ಆದರೆ ಸರಾಸರಿಯನ್ನು ನಂಬಿ ಕೊಳವೆ ಹಾಕಿದರೆ ಹತ್ತರಲ್ಲಿ ಐದು ವರ್ಷ ಕೊರತೆ. ನೀರಾವರಿ ಯೋಜನೆಗಳಲ್ಲಿ ನಾಲ್ಕು ವರ್ಷಗಳಲ್ಲಿ ಮೂರು ವರ್ಷವಾದರೂ ಸಿಗುವ ಪ್ರಮಾಣವನ್ನು, ಅಂದರೆ ಶೇಕಡಾ 75ರ ಭರವಸೆಯನ್ನು, ಒಪ್ಪುವ ರೂಢಿಯಿದೆ. ನಮ್ಮ ಪಟ್ಟಿಯಲ್ಲಿ ಅದು ಸುಮಾರು 5. ಬೆಳೆ ಒಂದು ವರ್ಷ ಕೈಕೊಟ್ಟರೆ ರೈತನಿಗೆ ಕಷ್ಟ ನಿಜ, ಆದರೆ ಮುಂದಿನ ವರ್ಷವೊಂದಿದೆ. ಕುಡಿಯುವ ನೀರಿಗೆ ಆ ಸಡಿಲಿಕೆ ಇಲ್ಲ. ನಗರಕ್ಕೆ ನಾಲ್ಕನೆಯ ವರ್ಷ ನೀರಿಲ್ಲವೆಂದು ಹೇಳಲಾಗುವುದಿಲ್ಲ. ಅದಕ್ಕಾಗಿ ಪಟ್ಟಿಯ ಕೊನೆಯ ಸಾಲನ್ನೇ ನೋಡಬೇಕು: 3. ಒಳ್ಳೆಯ ವರ್ಷದ ನೀರನ್ನು ಮುಂದಿನ ವರ್ಷಕ್ಕೆ ಉಳಿಸಿಡುವಷ್ಟು ದೊಡ್ಡ ಜಲಾಶಯವಾದರೆ ಈ ಅಂಕಿ ತುಸು ಮೇಲೇರುತ್ತದೆ, ಸರಾಸರಿಯನ್ನಂತೂ ಮುಟ್ಟುವುದಿಲ್ಲ. 6.3 ಎಂದು ಹೇಳುವವನೂ 3 ಎಂದು ಹೇಳುವವನೂ ಇಬ್ಬರೂ ಒಂದೇ ಪಟ್ಟಿಯನ್ನು ಓದುತ್ತಿದ್ದಾರೆ ಎಂಬುದನ್ನು ನೆನಪಿಡಿ. ಯೋಜನೆಗಳ ಬಗ್ಗೆ ನಡೆಯುವ ಅರ್ಧ ಜಗಳಗಳ ಮೂಲ ಇಲ್ಲಿದೆ.

ಈಗ ನೆರೆಯ ತಾಲ್ಲೂಕಿಗೆ ಹೋಗೋಣ. ಸೊರಬದ ಪಕ್ಕದ ಸಾಗರ ಒಂದು ವಿಚಿತ್ರ ಸ್ಥಳ. ಅಲ್ಲಿ ಬಿದ್ದ ಮಳೆ ಒಂದು ಇಳಿಜಾರಿಗೆ ಹರಿದರೆ ಶರಾವತಿಯನ್ನು ಸೇರಿ, ಜೋಗದಲ್ಲಿ ಧುಮುಕಿ, ಹೊನ್ನಾವರದಲ್ಲಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ಇನ್ನೊಂದು ಇಳಿಜಾರಿಗೆ ಹರಿದರೆ ವರದೆಯನ್ನು ಸೇರಿ, ಸೊರಬ, ಬನವಾಸಿಗಳನ್ನು ದಾಟಿ, ತುಂಗಭದ್ರೆ ಮತ್ತು ಕೃಷ್ಣೆಯ ಮೂಲಕ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಪೂರ್ವಕ್ಕೆ ಹರಿಯುವ ನೀರಿನ ಮೇಲೆ ನೆರೆ ರಾಜ್ಯಗಳ ಹಕ್ಕೂ ನ್ಯಾಯಮಂಡಳಿಯ ಹಂಚಿಕೆಯೂ ಇವೆ. ಶರಾವತಿ ಮಾತ್ರ ಹುಟ್ಟುವುದೂ ಸಮುದ್ರ ಸೇರುವುದೂ ಕರ್ನಾಟಕದೊಳಗೆ. ಅದಕ್ಕೆ 1964ರಲ್ಲಿ ಕಟ್ಟಿದ ಲಿಂಗನಮಕ್ಕಿ ಜಲಾಶಯದ ಸಾಮರ್ಥ್ಯ ಸುಮಾರು 150 ಟಿ.ಎಂ.ಸಿ. ನಕ್ಷೆಯ ಮುಂದೆ ಕುಳಿತ ಯಾವ ಯೋಜಕನಿಗೂ ಇದು ಆಕರ್ಷಕವಾಗಿ ಕಾಣುವುದು ಸಹಜವೇ.

2019ರ ಜೂನ್‌ನಲ್ಲಿ ಆಗಿನ ಉಪಮುಖ್ಯಮಂತ್ರಿ ಜಿ. ಪರಮೇಶ್ವರ ಅವರು ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರು ತರುವ ಬಗ್ಗೆ ವಿವರವಾದ ಯೋಜನಾ ವರದಿ ಸಿದ್ಧಪಡಿಸುವ ಮಾತನ್ನಾಡಿದರು. ಮೊದಲ ಹಂತದಲ್ಲಿ 30 ಟಿ.ಎಂ.ಸಿ. ಎಂಬ ಅಂಕಿ ಕೇಳಿಬಂತು. ಮಲೆನಾಡು ಸಿಡಿದೆದ್ದಿತು. ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳ ಲೇಖಕ ನಾ. ಡಿಸೋಜ ಅವರು ಹೋರಾಟದ ಮುಂಚೂಣಿಯಲ್ಲಿ ನಿಂತರು. ಜುಲೈ 10ರಂದು ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಯೋಜನೆ ಅನುಷ್ಠಾನಕ್ಕೆ ಬರಲಿಲ್ಲ. ಆದರೆ ಬೆಂಗಳೂರಿನ ಬಾಯಾರಿಕೆ ಎಲ್ಲಿಗೂ ಹೋಗಿಲ್ಲ. ಆದ್ದರಿಂದ ಪ್ರಶ್ನೆಯೂ ಹೋಗಿಲ್ಲ. ಘೋಷಣೆಗಳನ್ನು ಪಕ್ಕಕ್ಕಿಟ್ಟು ಲೆಕ್ಕಕ್ಕೆ ಕೂಡೋಣ.

30 ಟಿ.ಎಂ.ಸಿ. ಎಂದರೆ ಎಷ್ಟು? 85 ಕೋಟಿ ಘನ ಮೀಟರ್. ದಿನಕ್ಕೆ ಹಂಚಿದರೆ ಸುಮಾರು 233 ಕೋಟಿ ಲೀಟರ್. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಕಾವೇರಿ ಐದನೆಯ ಹಂತದ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. ಅಂದರೆ ಶರಾವತಿಯಿಂದ ಕೇಳಿದ್ದು ಅಂಥ ಮೂರು ಹಂತಗಳಷ್ಟು ನೀರು. ಲಿಂಗನಮಕ್ಕಿ ಕಂಠಪೂರ್ತಿ ತುಂಬಿದಾಗಲೂ ಅದರ ಐದನೆಯ ಒಂದು ಪಾಲು. ಲಿಂಗನಮಕ್ಕಿಯೋ ಪ್ರತಿವರ್ಷ ತುಂಬುವ ಜಲಾಶಯವಲ್ಲ.

ಇನ್ನೊಂದು ಸಂಗತಿಯನ್ನು ನಾನು ಇದಕ್ಕಿಂತಲೂ ಮುಖ್ಯವೆಂದು ಎಣಿಸುತ್ತೇನೆ. ನಗರವೊಂದು ಎರಡನೆಯ ನೀರಿನ ಮೂಲವನ್ನು ಹುಡುಕುವುದು ಏಕೆ? ಮೊದಲನೆಯದು ಕೈಕೊಟ್ಟಾಗ ಎರಡನೆಯದು ಕೈಹಿಡಿಯಲಿ ಎಂದು. ಆದರೆ ಕಾವೇರಿಯನ್ನೂ ಶರಾವತಿಯನ್ನೂ ತುಂಬಿಸುವುದು ಅದೇ ಪಶ್ಚಿಮಘಟ್ಟ, ಅದೇ ಮುಂಗಾರು. 2023ರಲ್ಲಿ ಮುಂಗಾರು ಸೊರಗಿದಾಗ ಕೊಡಗಿನಲ್ಲೂ ಮಳೆ ಕುಂದಿತು, ಮಲೆನಾಡಿನಲ್ಲೂ ಕುಂದಿತು. ಲಿಂಗನಮಕ್ಕಿ ತುಂಬಲಿಲ್ಲ. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿನ ಹಿಂದೆ ಓಡಿದ್ದು ಅದರ ಮುಂದುವರಿಕೆ. ನಗರಕ್ಕೆ ನೀರು ಅತ್ಯಂತ ಅಗತ್ಯವಾದ ವರ್ಷವೇ ಶರಾವತಿಯಲ್ಲೂ ನೀರಿಲ್ಲದ ವರ್ಷವಾದರೆ, ಆ ಕೊಳವೆ ಒಳ್ಳೆಯ ಕಾಲದ ಗೆಳೆಯನಂತೆ.

ಇನ್ನು ಎತ್ತರದ ಲೆಕ್ಕ. ಭೌತಶಾಸ್ತ್ರದ ಪುಸ್ತಕದಿಂದ ಒಂದೇ ಒಂದು ಅಂಕಿ ಸಾಕು: ಒಂದು ಯೂನಿಟ್ ವಿದ್ಯುತ್ತು, ಯಾವ ನಷ್ಟವೂ ಇಲ್ಲದಿದ್ದರೆ, 1000 ಲೀಟರ್ ನೀರನ್ನು 367 ಮೀಟರ್ ಎತ್ತರಕ್ಕೆ ಏರಿಸುತ್ತದೆ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ, ಅಂದರೆ ಸಮುದ್ರಮಟ್ಟದಿಂದ ಸುಮಾರು 554 ಮೀಟರ್. ಬೆಂಗಳೂರು ಇರುವುದು ಸುಮಾರು 920 ಮೀಟರಿನಲ್ಲಿ. ವ್ಯತ್ಯಾಸ ಸುಮಾರು 370 ಮೀಟರ್. ‘ಕಾವೇರಿಯನ್ನು ಇದಕ್ಕಿಂತ ಹೆಚ್ಚು ಎತ್ತರಕ್ಕೆ ಎತ್ತುತ್ತಿಲ್ಲವೇ?’ ಎಂದು ನಿಮ್ಮಲ್ಲಿ ಜಾಣರು ಕೇಳಬಹುದು. ಹೌದು, ತೊರೆಕಾಡನಹಳ್ಳಿಯಿಂದ ಸುಮಾರು 500 ಮೀಟರ್ ಎತ್ತುತ್ತಾರೆ. ಆದರೆ ಅದು ಸುಮಾರು 100 ಕಿಲೋಮೀಟರ್ ದೂರ. ಲಿಂಗನಮಕ್ಕಿಯಿಂದ ಬೆಂಗಳೂರಿಗೆ ರಸ್ತೆಯ ಹಾದಿಯಲ್ಲಿ ಸುಮಾರು 400 ಕಿಲೋಮೀಟರ್. ಕೊಳವೆಯಲ್ಲಿ ಹರಿಯುವ ನೀರು ಗೋಡೆಗೆ ಉಜ್ಜುತ್ತಾ ಸಾಗುತ್ತದೆ. ಸಮತಟ್ಟಾದ ದಾರಿಯಲ್ಲೂ ತಳ್ಳಬೇಕಾಗುತ್ತದೆ. ಕಿಲೋಮೀಟರಿಗೆ ಒಂದು ಮೀಟರ್ ಎತ್ತರಕ್ಕೆ ಸಮನಾದ ಘರ್ಷಣೆ ಎಂದು ಹಿಡಿದರೂ 400 ಮೀಟರ್ ಸೇರುತ್ತದೆ. ಒಟ್ಟು 770. ಪಂಪು ಮೋಟಾರುಗಳ ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೆ ಪ್ರತಿ 1000 ಲೀಟರಿಗೆ ಸುಮಾರು 2.6 ಯೂನಿಟ್ ಬೇಕು.

ಅಷ್ಟಕ್ಕೇ ಮುಗಿಯಲಿಲ್ಲ. ಲಿಂಗನಮಕ್ಕಿಯ ನೀರು ಇಂದು ಸುಮ್ಮನೆ ಕುಳಿತಿಲ್ಲ. ಅಣೆಕಟ್ಟಿನ ಬುಡದಲ್ಲಿ, ಜೋಗದ ಬಳಿಯ 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರದಲ್ಲಿ, ಕೆಳಗೆ ಗೇರುಸೊಪ್ಪೆಯಲ್ಲಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು ವಿದ್ಯುತ್ತು ಕೊಡುತ್ತದೆ. ಒಟ್ಟು ಇಳಿತವನ್ನು ಸುಮಾರು 500 ಮೀಟರ್ ಎಂದು ಹಿಡಿದು ನಷ್ಟ ಕಳೆದರೆ ಪ್ರತಿ 1000 ಲೀಟರಿಗೆ ಸುಮಾರು 1.2 ಯೂನಿಟ್. ನೀರನ್ನು ಬೇರೆಡೆಗೆ ಒಯ್ದರೆ ಈ ವಿದ್ಯುತ್ತು ಇಲ್ಲವಾಗುತ್ತದೆ, ಮೇಲೆ ಎತ್ತುವ ವಿದ್ಯುತ್ತು ಖರ್ಚಾಗುತ್ತದೆ. ಎರಡೂ ಸೇರಿ 3.8 ಯೂನಿಟ್. ಐದು ಜನರ ಒಂದು ಕುಟುಂಬ ದಿನಕ್ಕೆ 675 ಲೀಟರ್ ಬಳಸಿದರೆ, ಅದರ ನಲ್ಲಿಯ ಹಿಂದೆ ದಿನಾಲೂ ಎರಡೂವರೆ ಯೂನಿಟ್ ಕಾಣದ ವಿದ್ಯುತ್ತು! 30 ಟಿ.ಎಂ.ಸಿ.ಗೆ ಗುಣಿಸಿ ನೋಡಿ. ವರ್ಷಕ್ಕೆ 320 ಕೋಟಿ ಯೂನಿಟ್‌ಗಿಂತ ಹೆಚ್ಚು ಬರುತ್ತದೆ. ಘರ್ಷಣೆ, ದಕ್ಷತೆ, ಇಳಿತಗಳಿಗೆ ನಾನು ಹಿಡಿದ ಅಂಕಿಗಳು ಅಂದಾಜು. ನೀವು ಬೇರೆ ಹಿಡಿಯಬಹುದು. ಹಿಡಿದು ಮತ್ತೆ ಮಾಡಿ. ಉತ್ತರ ಸ್ವಲ್ಪ ಅತ್ತಿತ್ತ ಹೋದೀತೇ ಹೊರತು ಸೊನ್ನೆಯಾಗದು.

ಪ್ರತಿವಾದವನ್ನೂ ಕೇಳಬೇಕು. ಒಳ್ಳೆಯ ಮಳೆಗಾಲದಲ್ಲಿ ಲಿಂಗನಮಕ್ಕಿಯ ಬಾಗಿಲು ತೆರೆದು ನೀರು ಸಮುದ್ರಕ್ಕೆ ಹೋಗುತ್ತದಲ್ಲ, ಅದನ್ನಾದರೂ ಒಯ್ಯಬಾರದೇ? ನ್ಯಾಯವಾದ ಮಾತೇ. ಆದರೆ ಆ ನೀರು ಬರುವುದು ಕೆಲವು ವರ್ಷ, ಕೆಲವು ವಾರ. ಕೆಲವೇ ವಾರಗಳಲ್ಲಿ ಅಷ್ಟನ್ನೂ ಸಾಗಿಸಲು ಕೊಳವೆಯ ಗಾತ್ರ ಅಸಾಧ್ಯವಾಗುತ್ತದೆ, ತಂದದ್ದನ್ನು ಹಿಡಿದಿಡಲು ಬೆಂಗಳೂರಿನ ಬಳಿ ಇನ್ನೊಂದು ದೊಡ್ಡ ಜಲಾಶಯ ಬೇಕಾಗುತ್ತದೆ. ಇನ್ನು ‘ಸಮುದ್ರಕ್ಕೆ ಹೋದದ್ದು ವ್ಯರ್ಥ’ ಎಂಬ ಮಾತನ್ನು ಹೊನ್ನಾವರದ ಮೀನುಗಾರರ ಮುಂದೆ ಹೇಳಿ ನೋಡಿ. ಅಳಿವೆಯಲ್ಲಿ ಸಿಹಿನೀರು ಕಡಿಮೆಯಾದರೆ ಉಪ್ಪುನೀರು ಒಳಕ್ಕೆ ಏರುತ್ತದೆ. ದಂಡೆಯ ಬಾವಿಗಳೂ ತೋಟಗಳೂ ಅದನ್ನು ಮೊದಲು ಅನುಭವಿಸುತ್ತವೆ.

ಅಂದಾಜು ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಬಯಲುಸೀಮೆಯ ಜಿಲ್ಲೆಗಳಿಗೆ ಸಕಲೇಶಪುರದ ಕಡೆಯ ಹಳ್ಳಗಳಿಂದ ನೀರೊಯ್ಯುವ ಎತ್ತಿನಹೊಳೆ ಯೋಜನೆಯಲ್ಲಿ 24 ಟಿ.ಎಂ.ಸಿ. ಸಿಗುತ್ತದೆಂದು ಸರ್ಕಾರದ ಲೆಕ್ಕ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನವೊಂದು ಅಲ್ಲಿರುವುದೇ ಸುಮಾರು 9.5 ಟಿ.ಎಂ.ಸಿ. ಎಂದಿತು. 2012ರಲ್ಲಿ 8,323 ಕೋಟಿ ರೂಪಾಯಿಯಿದ್ದ ಅಂದಾಜು ವೆಚ್ಚ 2014ರಲ್ಲಿ 12,912 ಕೋಟಿಗೆ, ಮುಂದೆ 23,000 ಕೋಟಿ ದಾಟಿ ಬೆಳೆಯಿತು. ಮೊದಲ ಹಂತ ಉದ್ಘಾಟನೆಯಾದದ್ದು 2024ರ ಸೆಪ್ಟೆಂಬರಿನಲ್ಲಿ. ನೀರಿನ ಲೆಕ್ಕದಲ್ಲಿ ಇಷ್ಟು ಅಂತರ ಹೇಗೆ? ಕಾಡಿನ ಹಳ್ಳಗಳಲ್ಲಿ ದೀರ್ಘಕಾಲ ಹರಿವು ಅಳೆದ ದಾಖಲೆ ಇಲ್ಲದಿದ್ದಾಗ, ಬಿದ್ದ ಮಳೆಯಲ್ಲಿ ಇಂತಿಷ್ಟು ಪಾಲು ಹರಿಯುತ್ತದೆಂದು ಊಹಿಸಬೇಕಾಗುತ್ತದೆ. ಕಾಡು ತನ್ನ ಪಾಲನ್ನು ಕುಡಿಯುತ್ತದೆ, ಮಣ್ಣು ತನ್ನದನ್ನು ಇಂಗಿಸುತ್ತದೆ. ಊಹೆಯ ಗುಣಕವನ್ನು ತುಸು ಮೇಲೆತ್ತಿದರೆ ಕಾಗದದ ಮೇಲೆ ನದಿ ಉಕ್ಕುತ್ತದೆ.

ಹಾಗೆಂದು ಬೆಂಗಳೂರಿನವರ ಕಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಅಲ್ಲಿ ಟ್ಯಾಂಕರಿಗೆ ದುಡ್ಡು ತೆರುವವರಲ್ಲಿ ನಮ್ಮ ಸೊರಬ, ಶಿಕಾರಿಪುರಗಳಿಂದ ಕೆಲಸಕ್ಕೆ ಹೋದ ಮಕ್ಕಳೂ ಇದ್ದಾರೆ. ಆದರೆ ಆ ನಗರ ಹಿಂದೆ ತನ್ನ ಜಲಾಶಯಗಳನ್ನು ಏನು ಮಾಡಿತು ಎಂದು ಕೇಳುವ ಹಕ್ಕು ನಮಗಿದೆ. 1890ರ ದಶಕದಲ್ಲಿ ಹೆಸರಘಟ್ಟ, 1933ರಲ್ಲಿ ತಿಪ್ಪಗೊಂಡನಹಳ್ಳಿ, ಎರಡೂ ಅರ್ಕಾವತಿಯ ಮೇಲೆ, ನಗರದ ಮಗ್ಗುಲಲ್ಲೇ ಇದ್ದವು. 1974ರಲ್ಲಿ ಕಾವೇರಿ ಬಂತು. ದೂರದ ನೀರು ಸಿಕ್ಕ ಮೇಲೆ ಹತ್ತಿರದ ನೀರಿನ ಮೇಲೆ ಕಣ್ಣು ತಪ್ಪಿತು. ಅರ್ಕಾವತಿಯ ಹರಿವು ಬತ್ತಿತು, ಕೊಳಕು ಸೇರಿತು. 2012ರ ಹೊತ್ತಿಗೆ ತಿಪ್ಪಗೊಂಡನಹಳ್ಳಿಯಿಂದ ನೀರೆತ್ತುವುದೇ ನಿಂತಿತು. ಹಿಂದಿನ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸುಮಾರು 700 ಚದರ ಕಿಲೋಮೀಟರ್ ವ್ಯಾಪ್ತಿಯ ಮೇಲೆ ವರ್ಷಕ್ಕೆ ಬೀಳುವ ಮಳೆ ಸುಮಾರು 970 ಮಿಲಿಮೀಟರ್. ಗುಣಿಸಿದರೆ 24 ಟಿ.ಎಂ.ಸಿ. ಅಷ್ಟನ್ನೂ ಹಿಡಿಯಲು ಯಾರಿಂದಲೂ ಆಗದು. ನಾಲ್ಕನೆಯ ಒಂದು ಪಾಲು ಹಿಡಿದರೆ ಆರು. ಕೊಳವೆಗಳಲ್ಲಿ ಸೋರಿಯೋ ಲೆಕ್ಕ ತಪ್ಪಿಯೋ ಹೋಗುವ ನೀರು ಪೂರೈಕೆಯ ಸುಮಾರು ನಾಲ್ಕನೆಯ ಒಂದು ಪಾಲು. ಬಳಸಿ ಬಿಟ್ಟ ನೀರನ್ನು ಸಂಸ್ಕರಿಸಿದರೆ ಉಪಯೋಗಕ್ಕೆ ಬರುತ್ತದೆಂಬುದನ್ನು ಬೆಂಗಳೂರೇ ತೋರಿಸಿದೆ: ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಆ ನೀರಿನ ಶುದ್ಧತೆಯ ಬಗ್ಗೆ ವಿವಾದಗಳಿವೆ, ಇರಲಿ. ಒಂದು ಯೋಜನೆಯನ್ನು ತೂಗುವುದೆಂದರೆ ಅದನ್ನು ‘ಏನೂ ಮಾಡದಿರುವುದರ’ ಜೊತೆ ಹೋಲಿಸುವುದಲ್ಲ, ಅದೇ ಹಣದಲ್ಲಿ ಮಾಡಬಹುದಾದ ಬೇರೆ ಕೆಲಸಗಳ ಜೊತೆ ಹೋಲಿಸುವುದು.

ಇಷ್ಟು ಹೇಳಿ ಬೆಂಗಳೂರಿನ ಕಡೆಗೇ ಬೆರಳು ಮಾಡಿ ನಿಲ್ಲಿಸಿದರೆ ಅನ್ಯಾಯವಾದೀತು. ನಮ್ಮ ಸೀಮೆಯಲ್ಲೂ ಇದೇ ಕಥೆ ತಿರುವುಮುರುವಾಗಿ ನಡೆದಿದೆ. ಮಲೆನಾಡಿನ ಅಂಚಿನ ಶಿಕಾರಿಪುರಕ್ಕೆ ಸಾಗರದ ಮಳೆಯ ಭಾಗ್ಯವಿಲ್ಲ. ಉಡುಗಣಿ–ತಾಳಗುಂದ–ಹೊಸೂರು ಏತ ನೀರಾವರಿ ಯೋಜನೆ ತುಂಗಭದ್ರೆಯಿಂದ ನೀರೆತ್ತಿ ಇಲ್ಲಿನ ಕೆರೆಗಳನ್ನು ತುಂಬಿಸಲು ಬಂದದ್ದು. ಕಾಕುಸ್ಥವರ್ಮನ ತಾಳಗುಂದಕ್ಕೆ ಈಗ ಪಂಪಿನ ನೀರು! 2020ರ ಸುಮಾರಿಗೆ ಅದನ್ನು ವಿರೋಧಿಸಿ ಬೀದಿಗಿಳಿದವರು ನೆರೆಯ ಹಾವೇರಿ ಜಿಲ್ಲೆಯ ರಟ್ಟೀಹಳ್ಳಿ ಕಡೆಯ ರೈತರು. ‘ನಮ್ಮ ಹೊಲ ಹಾಯ್ದು ನಮ್ಮ ನೀರು ಅವರಿಗೇಕೆ?’ ಎಂಬುದೇ ಅವರ ಅಳಲಿನ ಸಾರ. ಶಿವಮೊಗ್ಗದವರು ಬೆಂಗಳೂರಿಗೆ ಕೇಳಿದ್ದೂ ಅದನ್ನೇ. ಸೊರಬದ ದಂಡಾವತಿ ನದಿಗೆ ಅಣೆಕಟ್ಟು ಕಟ್ಟುವ ಪ್ರಸ್ತಾಪವೂ ದಶಕಗಳಿಂದ ಎಳೆದಾಡುತ್ತಲೇ ಇದೆ. ಕೆಳಗಿನ ಗದ್ದೆಗಳಿಗೆ ನೀರು ಬೇಕು. ಮೇಲಿನವರ ಮನೆ, ತೋಟ ಮುಳುಗಬೇಕು. ಮುಳುಗಡೆ ಎಂದರೇನೆಂದು ಈ ಜಿಲ್ಲೆಗೆ ಯಾರೂ ಪಾಠ ಹೇಳಬೇಕಿಲ್ಲ. ಶರಾವತಿಯಿಂದ ಎದ್ದುಬಂದ ಕುಟುಂಬಗಳಲ್ಲಿ ಅನೇಕರ ಭೂಮಿಯ ಹಕ್ಕು ಅರವತ್ತು ವರ್ಷಗಳ ನಂತರವೂ ಇತ್ಯರ್ಥವಾಗಿಲ್ಲ. ಆ ಅಣೆಕಟ್ಟಿನ ಅಂದಾಜುಪಟ್ಟಿಯಲ್ಲಿ ಸಿಮೆಂಟಿನ ಚೀಲಗಳಿಗೆ ಇದ್ದ ಜಾಗ ಇವರ ಅರವತ್ತು ವರ್ಷಗಳಿಗೆ ಇರಲಿಲ್ಲ.

ಆದ್ದರಿಂದ ಮುಂದಿನ ಬಾರಿ ಪತ್ರಿಕೆಯಲ್ಲಿ ಯೋಜನೆಯೊಂದರ ಸುದ್ದಿ ಬಂದಾಗ, ಅದು ಬೆಂಗಳೂರಿನದಿರಲಿ ದಂಡಾವತಿಯದಿರಲಿ, ಟಿ.ಎಂ.ಸಿ. ಎಂಬ ಅಂಕಿಯ ಪಕ್ಕದಲ್ಲಿ ಅದು ಸರಾಸರಿಯೋ ಕೆಟ್ಟ ವರ್ಷದ್ದೋ ಎಂದು ಬರೆದಿದೆಯೇ ನೋಡಿ. ಎತ್ತುವ ವಿದ್ಯುತ್ತಿನ ವಾರ್ಷಿಕ ಖರ್ಚನ್ನು ಯಾರ ತಲೆಗೆ ಕಟ್ಟಿದ್ದಾರೆ ನೋಡಿ. ಉದ್ಘಾಟನೆಯ ಹಣ ಸರ್ಕಾರ ಕೊಡುತ್ತದೆ, ಕರೆಂಟು ಬಿಲ್ಲು ಪ್ರತಿ ತಿಂಗಳೂ ಬರುತ್ತದೆ. ಮುಳುಗುವ ಎಕರೆಗಳ ಎದುರಿಗೆ ಕುಟುಂಬಗಳ ಸಂಖ್ಯೆ ಇದೆಯೇ, ಅವರು ಹೋಗುವ ಊರಿನ ಹೆಸರಿದೆಯೇ ನೋಡಿ.

ಕಾಲೇಜಿನ ಭೂಗೋಳ ವಿಭಾಗದವರಿಗೆ ಒಂದು ಕೆಲಸವೂ ಉಂಟು. ಸೊರಬದ ನೂರಾರು ಕೆರೆಗಳಲ್ಲಿ ನಿಮ್ಮ ಊರಿನದೊಂದನ್ನು ಆರಿಸಿಕೊಳ್ಳಿ. ತೂಬಿನ ಕಲ್ಲಿನ ಮೇಲೆ ಬಣ್ಣದಿಂದ ಅಡಿಗಳ ಗುರುತು ಹಾಕಿ, ಪ್ರತಿ ಸೋಮವಾರ ನೀರಿನ ಮಟ್ಟ ಬರೆದಿಡಿ. ಪಕ್ಕದಲ್ಲಿ ಒಂದು ಮಳೆಮಾಪಕ ಇರಲಿ. ನೀವು ಪದವಿ ಮುಗಿಸುವ ಹೊತ್ತಿಗೆ ಮೂರು ವರ್ಷದ ದಾಖಲೆ ಆಗಿರುತ್ತದೆ. ನಿಮ್ಮ ನಂತರದವರು ಅದನ್ನು ಹತ್ತಕ್ಕೆ ಮುಟ್ಟಿಸಿದರೆ, ಮೇಲಿನ ಕಾಲ್ಪನಿಕ ಪಟ್ಟಿಯ ಜಾಗದಲ್ಲಿ ನಿಮ್ಮ ಕೆರೆಯ ನಿಜವಾದ ಪಟ್ಟಿಯನ್ನು ಬರೆಯಬಹುದು.